ಪುಟಾಣಿ ರೈಲಿಗೆ ಬೆಂಡಿನ ಹಾಸಿಗೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗಾಗಿ ಮಾದರಿ ರೈಲು ಕೂಡಿಸುತ್ತಿದ್ದೇನೆ. ಪ್ಲೈವುಡ್ ಮೇಲೆ ಹಳಿ ಹೊಡೆದು ಓಡಿಸಿದರೆ ಹಿಟ್ಟಿನ ಗಿರಣಿಯ ಸದ್ದು. ಹಳಿಯ ಅಡಿಗೆ ಏನು ಹಾಸಲಿ? ಥರ್ಮಾಕೋಲ್ ಆದೀತೇ?’

ಆಗದು ಸ್ವಾಮಿ. ಯಾಕೆಂದು ಹೇಳುವ ಮುಂಚೆ ಒಂದು ಲೆಕ್ಕ. ಎಚ್‌ಒ ಅಳತೆಯ ಮಾದರಿ ಅಸಲಿನ 87ನೇ ಒಂದು ಪಾಲು. ಉದ್ದ 87 ಪಟ್ಟು ಇಳಿದರೆ ತೂಕ ಅದರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಟ್ಟು ಇಳಿಯುತ್ತದೆ. ನಮ್ಮ ಡಬ್ಲ್ಯುಎಪಿ-7 ಎಂಜಿನ್ 123 ಟನ್. ಅದರ ಮರಿ ಲೆಕ್ಕದಲ್ಲಿ 190 ಗ್ರಾಮೂ ಇಲ್ಲ. ಅಂಗಡಿಯ ಮಾದರಿ ಕೊಂಚ ಭಾರವಿದ್ದೀತು, ಅಷ್ಟೆ. ಅಸಲಿ ಹಳಿಯ ಕೆಳಗಿನ ಜಲ್ಲಿ ಭಾರ ಹಂಚಬೇಕು, ಮಳೆನೀರು ಬಸಿಯಬೇಕು, ಸ್ಲೀಪರ್ ಜರುಗದಂತೆ ಹಿಡಿಯಬೇಕು. ನಡುಮನೆಯಲ್ಲಿ ಮಳೆಯೂ ಇಲ್ಲ, ಭಾರವೂ ಇಲ್ಲ. ಅಲ್ಲಿನ ಹಾಸಿಗೆಗೆ ಉಳಿದ ಕೆಲಸ ಎರಡೇ: ನೋಡಲು ಚೆಂದವಾಗಿರುವುದು, ಸದ್ದಡಗಿಸುವುದು.

ವೈಬ್ರೇಟ್ ಆಗುವ ಮೊಬೈಲು ದಿಂಬಿನ ಮೇಲೆ ಗೊಣಗುತ್ತದೆ, ಕಬ್ಬಿಣದ ಬೀರುವಿನ ಮೇಲೆ ಗುಡುಗುತ್ತದೆ. ಅಗಲವಾದ ತೆಳು ಹಲಗೆ ಸಿಕ್ಕರೆ ಸಾಕು, ಸಣ್ಣ ಅದುರಾಟಕ್ಕೂ ಗಂಟಲು ಬರುತ್ತದೆ. ಪ್ಲೈವುಡ್ ಮಾಡುವುದು ಅದನ್ನೇ. ‘ಗಾಳಿ ತುಂಬಿದ್ದೆಲ್ಲ ಸದ್ದು ನುಂಗುತ್ತದೆ’ ಎಂಬುದೊಂದು ಮೂಢನಂಬಿಕೆ. ಥರ್ಮಾಕೋಲಿನಲ್ಲಿ ಗಾಳಿಯೇ ಹೆಚ್ಚು, ನಿಜ. ಆದರೆ ಅದು ಹಗುರ, ಜೊತೆಗೆ ಸೆಡೆತುಕೊಂಡದ್ದು. ಉಗುರಿನಿಂದ ತಟ್ಟಿ ನೋಡಿ, ತಮಟೆ!

ಬೆಂಡು, ಅಂದರೆ ಕಾರ್ಕ್, ಬೇರೆಯೇ ಜಾತಿ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಇಟ್ಟದ್ದು ಇದರದೇ ತೆಳು ಸೀಳನ್ನು. ಅಲ್ಲಿ ಕಂಡ ಪುಟ್ಟ ಕೋಣೆಗಳಿಗೆ ಆತ ‘ಸೆಲ್’ ಎಂದ. ಶಾಲೆಯಲ್ಲಿ ನಾವು ಉರು ಹೊಡೆದ ಜೀವಕೋಶ ಹುಟ್ಟಿದ್ದು ಹಾಗೆ. ಒಂದು ಘನ ಅಂಗುಲದಲ್ಲಿ 125 ಕೋಟಿಗೂ ಮೀರಿ ಕೋಣೆಗಳಿವೆಯೆಂದು ಆತ ಲೆಕ್ಕ ಹಾಕಿದ್ದ. ಒತ್ತಿದರೆ ಅವುಗಳ ಗೋಡೆ ಮಡಿಸಿಕೊಳ್ಳುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ; ಆ ಮಡಿಸಾಟದಲ್ಲೇ ಅದುರಾಟ ಬೆಂಡಾಗಿಹೋಗುತ್ತದೆ. ಮರ ಪೋರ್ಚುಗಲ್ ಕಡೆಯ ಓಕ್. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ, ಅದೂ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಡುತ್ತಾರೆ.

ನಿಮಗೆ ಐದು ಮಿಲಿಮೀಟರ್ ದಪ್ಪದ ಹಾಳೆ ಸಾಕು. ಉದ್ದುದ್ದ ಎರಡು ಪಟ್ಟಿ ಕೊಯ್ದು, ಹೊರ ಅಂಚನ್ನು ಓರೆಯಾಗಿಸಿ, ಹಳಿಯ ನಡುಗೆರೆಗೆ ಬೆನ್ನು ತಾಗಿಸಿ ಅಂಟಿಸಿ. ತಿರುವಿನಲ್ಲಿ ಒಂದೊಂದೂ ಸಲೀಸಾಗಿ ಬಾಗುತ್ತದೆ.

ಇಷ್ಟೆಲ್ಲ ಮಾಡಿ ನಾನು ಮೋಸ ಹೋದದ್ದು ಗೋಂದಿನಲ್ಲಿ. ಬೆಂಡು ಹಾಸಿದ ರಾತ್ರಿ ರೈಲು ಬೆಕ್ಕಿನಂತೆ ಓಡಿತು. ಮರುದಿನ ಜಲ್ಲಿ ಉದುರಿಸಿ, ಮರಗೆಲಸದ ಬಿಳಿ ಗೋಂದನ್ನು ನೀರಲ್ಲಿ ಕದಡಿ ಹನಿಸಿದೆ. ಒಣಗಿದ ಮೇಲೆ ಗಿರಣಿ ವಾಪಸ್! ಹಲಗೆಗೆ ಕಿವಿಯಿಟ್ಟು, ಹಳಿಯನ್ನು ತಟ್ಟಿ ತಟ್ಟಿ ಕೇಳಿದಾಗ ಹೊಳೆಯಿತು: ಬೆಂಡಿನ ಓರೆಯ ಮೇಲಿಂದ ಪ್ಲೈವುಡ್‌ವರೆಗೆ ಇಳಿದ ಜಲ್ಲಿ, ಗೋಂದು ಕುಡಿದು ಗಾರೆಯಾಗಿತ್ತು. ಅದುರಾಟ ಬೆಂಡನ್ನು ಬಳಸಿಕೊಂಡು ಆ ಸೇತುವೆಯ ಮೇಲೆ ಆರಾಮಾಗಿ ಇಳಿಯುತ್ತಿತ್ತು. ಬೆಂಡು ತೂರಿ ಹಲಗೆಗೆ ನಾಟಿದ ಮೊಳೆಯೂ ಇದೇ ದ್ರೋಹ ಮಾಡುತ್ತದೆ. ಒಣಗಿದರೂ ರಬ್ಬರಿನಂತೆ ಬಳುಕುವ ಅಂಟನ್ನೇ ಹುಡುಕಿ. ಹಳಿ ಕೂತ ಮೇಲೆ ಮೊಳೆ ಕೀಳಿ.

ಜಲ್ಲಿ ಯಾವುದು? ನಮ್ಮ ರೈಲ್ವೆಯ ದೊಡ್ಡ ಕಲ್ಲು 65 ಮಿಲಿಮೀಟರ್. 87ರಿಂದ ಭಾಗಿಸಿದರೆ ಮುಕ್ಕಾಲು ಮಿಲಿಮೀಟರ್, ಹೆಚ್ಚುಕಮ್ಮಿ ಉಪ್ಪಿಟ್ಟಿನ ರವೆ. ರವೆಯನ್ನೇ ಹಾಕಿದರೆ ಹೇಗೆ ಎನ್ನಬೇಡಿ. ಹಾಕಿದ್ದೆ. ಮೂರನೆಯ ದಿನ ನನ್ನ ಹಳಿಗುಂಟ ಇರುವೆಗಳ ಗೂಡ್ಸ್ ಗಾಡಿ ಹೊರಟಿತ್ತು, ಭರ್ತಿ ಲೋಡಿನೊಂದಿಗೆ.