ರೌಟರ್ ಬದಲಾದರೂ ಸ್ಪೀಕರ್ ಮೂಕವಾಗಬೇಕಿಲ್ಲ

ಹುಣಸಗಿ: ಮುಂಗಾರಿಗೆ ಮುನ್ನ ಬರುವ ಗುಡುಗು-ಸಿಡಿಲಿನ ಮಳೆ ಕೃಷ್ಣಾ ತೀರದ ಈ ಭಾಗದ ಹೊಲಗಳಿಗೆ ತಂಪೆರೆಯುತ್ತದೆ, ಮನೆಯ ವಿದ್ಯುತ್ ಉಪಕರಣಗಳಿಗೆ ಗಂಡಾಂತರವನ್ನೂ ತರುತ್ತದೆ. ತಾಮ್ರದ ತಂತಿಯ ಮೂಲಕ ನುಗ್ಗುವ ಅಧಿಕ ವೋಲ್ಟೇಜ್‌ಗೆ ಬಲಿಯಾಗುವ ಸಾಧನಗಳಲ್ಲಿ ಮೊಡೆಮ್ ಕೂಡ ಒಂದು. ಫೈಬರ್ ಸಂಪರ್ಕಕ್ಕೆ ಬದಲಾಗುವವರಿಗೂ ಹಳೆಯ ಮೊಡೆಮ್ ಉಪಯೋಗಕ್ಕೆ ಬಾರದು. ಹುಣಸಗಿಯಾಗಲಿ, ಬೆಂಗಳೂರಾಗಲಿ, ಪೆಟ್ಟಿಗೆ ಬದಲಾದ ದಿನ ಎದುರಾಗುವ ತೊಡಕು ಒಂದೇ: ಮೊಬೈಲ್‌ಗೆ ಅಂತರ್ಜಾಲ ಬರುತ್ತದೆ, ವೈ-ಫೈ ಸ್ಪೀಕರ್ ಮಾತ್ರ ಮೌನ. ದೃಷ್ಟಿ ಮಂದವಾದ ಹಿರಿಯರು ಹಾಡು, ಸುದ್ದಿಗಳಿಗೆ ಅದನ್ನೇ ನಂಬಿದ್ದರೆ ಈ ಮೌನ ಸಣ್ಣ ಸಂಗತಿಯಲ್ಲ.

ಇದಕ್ಕೆ ಕಾರಣ ಸರಳ. ಸ್ಪೀಕರ್ ತನ್ನ ಸ್ಮರಣೆಯಲ್ಲಿ ಇಟ್ಟುಕೊಳ್ಳುವುದು ರೌಟರ್‌ನ ಕಂಪನಿಯನ್ನಾಗಲಿ, ಮಾದರಿಯನ್ನಾಗಲಿ ಅಲ್ಲ. ವೈ-ಫೈ ಜಾಲದ ಹೆಸರು ಮತ್ತು ಗುಪ್ತಪದವನ್ನು. 2004ರಲ್ಲಿ ಬಂದ ಡಬ್ಲ್ಯೂಪಿಎ2 ಭದ್ರತಾ ವ್ಯವಸ್ಥೆಯಲ್ಲಿ ಇವೆರಡನ್ನೂ ಬೆರೆಸಿಯೇ 256 ಬಿಟ್‌ಗಳ ಕೀಲಿ ಸಿದ್ಧವಾಗುತ್ತದೆ. ಆದ್ದರಿಂದ ಹೆಸರಿನಲ್ಲಿ ಒಂದು ದೊಡ್ಡಕ್ಷರ ಚಿಕ್ಕಕ್ಷರವಾದರೂ ಕೀಲಿ ಹೊಂದದು.

ಪರಿಹಾರವೂ ಇಲ್ಲಿಯೇ ಇದೆ. ಹಳೆಯ ಜಾಲದ ಹೆಸರು, ಗುಪ್ತಪದಗಳನ್ನು ಮೊದಲೇ ಬರೆದಿಟ್ಟುಕೊಂಡು, ಹೊಸ ರೌಟರ್‌ಗೂ ಅವನ್ನೇ ಅಕ್ಷರಶಃ ಕೊಡಬೇಕು. ಹಳೆಯದನ್ನು ಆರಿಸಿ, ಸ್ಪೀಕರ್‌ನ ವಿದ್ಯುತ್ ಸಂಪರ್ಕ ತೆಗೆದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಅದು ತಾನಾಗಿಯೇ ಜಾಲಕ್ಕೆ ಸೇರುತ್ತದೆ.

ಹಾಗಾಗದಿದ್ದರೆ ಮೂರು ಅಂಶಗಳನ್ನು ಪರಿಶೀಲಿಸಬೇಕು. ಮೊದಲನೆಯದು ತರಂಗಾಂತರ: ಅನೇಕ ಅಗ್ಗದ, ಹಳೆಯ ಸ್ಪೀಕರ್‌ಗಳು 2.4 ಗಿಗಾಹರ್ಟ್ಸ್ ಸಂಕೇತವನ್ನಷ್ಟೇ ಗ್ರಹಿಸುತ್ತವೆ. ಹೊಸ ರೌಟರ್‌ನಲ್ಲಿ ಅದು ಚಾಲೂ ಇರಬೇಕು. ಎರಡನೆಯದು ಭದ್ರತೆ: 2018ರಲ್ಲಿ ಪರಿಚಯವಾದ ಡಬ್ಲ್ಯೂಪಿಎ3 ಹಳೆಯ ಸಾಧನಗಳಿಗೆ ಅರ್ಥವಾಗದು, ಡಬ್ಲ್ಯೂಪಿಎ2 ಸಹ ಸೇರಿರುವ ಮಿಶ್ರ ಆಯ್ಕೆ ಬೇಕಾಗುತ್ತದೆ. ಮೂರನೆಯದು ಅತಿಥಿ ಜಾಲ: ಮೊಬೈಲ್ ಅತಿಥಿ ಜಾಲದಲ್ಲಿದ್ದು ಸ್ಪೀಕರ್ ಮುಖ್ಯ ಜಾಲದಲ್ಲಿದ್ದರೆ ಒಂದಕ್ಕೊಂದು ಕಾಣಿಸುವುದಿಲ್ಲ. ಇಷ್ಟಾದರೂ ಫಲ ಸಿಗದಿದ್ದರೆ ಸ್ಪೀಕರನ್ನು ಮೂಲಸ್ಥಿತಿಗೆ ತಂದು, ಅದರ ಆ್ಯಪ್ ಮೂಲಕ ಹೊಸದಾಗಿ ಜೋಡಿಸುವುದೇ ದಾರಿ. ಬ್ಲೂಟೂತ್ ಮೂಲಕ ಮೊಬೈಲ್‌ಗೆ ನೇರ ಜೋಡಿಸುವ ಸ್ಪೀಕರ್‌ಗಳಿಗೆ ಈ ತೊಡಕಿಲ್ಲ. ಅವು ರೌಟರನ್ನು ಆಶ್ರಯಿಸುವುದಿಲ್ಲ.

ಆದರೆ ಅನುಕೂಲಕ್ಕಾಗಿ ಸುರಕ್ಷತೆಯನ್ನು ಬಲಿಗೊಡುವುದು ಸಲ್ಲ. ಹಳೆಯ ಗುಪ್ತಪದ ನೆರೆಹೊರೆಗೆಲ್ಲ ತಿಳಿದಿದ್ದರೆ, ಅಥವಾ ಮೊಬೈಲ್ ಸಂಖ್ಯೆಯಂತೆ ಸುಲಭವಾಗಿ ಊಹಿಸುವಂತಿದ್ದರೆ, ಅದನ್ನು ಮುಂದುವರಿಸದೆ ಹೊಸದನ್ನು ಇಟ್ಟು ಎಲ್ಲ ಸಾಧನಗಳನ್ನೂ ಮರುಜೋಡಿಸುವುದೇ ಲೇಸು. ಹಳೆಯ ಪೆಟ್ಟಿಗೆಯನ್ನು ಹಿಂದಿರುಗಿಸುವ ಅಥವಾ ಗುಜರಿಗೆ ಹಾಕುವ ಮುನ್ನ, ಅದು ಇನ್ನೂ ಚಾಲೂ ಆಗುವಂತಿದ್ದರೆ, ರೀಸೆಟ್ ಗುಂಡಿ ಒತ್ತಿ ಅದರ ಸ್ಮರಣೆಯನ್ನು ಅಳಿಸಬೇಕು. ಮನೆಯ ಕೀಲಿ ಅದರೊಳಗೇ ಉಳಿದಿರುತ್ತದೆ.