ಗಣಿತಾಧ್ಯಾಪಕರ ವಿಶ್ವಕೂಟವೂ ಅದರ ನಾಯಕತ್ವವೂ

ಗಡಿನಾಡಿನ ಶಾಲೆಯಲ್ಲಿ ಗಣಿತವನ್ನೋ ವಿಜ್ಞಾನವನ್ನೋ ಕಲಿಸುವ ಅಧ್ಯಾಪಕರು ಬಹುಮಟ್ಟಿಗೆ ಒಂಟಿಗರು. ಪಾಠ ಕನ್ನಡದಲ್ಲಿ, ಸುತ್ತೋಲೆ ರಾಜ್ಯಭಾಷೆಯಲ್ಲಿ, ಮೇಲಿನ ತರಗತಿಯ ಪುಸ್ತಕ ಇನ್ನಾವುದೋ ಭಾಷೆಯಲ್ಲಿ. ಒಂದು ಲೆಕ್ಕ ಮಕ್ಕಳಿಗೆ ಏಕೆ ತಿಳಿಯಲಿಲ್ಲವೆಂದು ಕೇಳಿ ತಿಳಿಯೋಣವೆಂದರೆ, ಅದೇ ತೊಡಕನ್ನು ಕಂಡ ಇನ್ನೊಬ್ಬ ಅಧ್ಯಾಪಕರು ನೂರಾರು ಮೈಲಿಗಳಾಚೆ ಮತ್ತೊಂದು ಗಡಿಯಲ್ಲಿರುತ್ತಾರೆ. ಇಂಥ ಒಂಟಿತನವನ್ನು ನೀಗಲೆಂದೇ ಹುಟ್ಟಿದ ಒಂದು ಅಂತರರಾಷ್ಟ್ರೀಯ ಕೂಟದ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬೇಕೆಂದಿದ್ದೇವೆ. ಆ ಕೂಟವನ್ನು ನಡೆಸಿದವರ ಗೆಲುವಿನಲ್ಲಿಯೂ ಸೋಲಿನಲ್ಲಿಯೂ ನಮಗೆ ಪಾಠವುಂಟು.

1899ರಲ್ಲಿ ಲೇಸಾಂ ಮತ್ತು ಜಿನೀವಾದ ಆನ್ರಿ ಫೇರ್ ಎಂಬ ಇಬ್ಬರು ಸೇರಿ ಗಣಿತ ಬೋಧನೆಗೆಂದೇ ಫ್ರೆಂಚ್ ಭಾಷೆಯಲ್ಲಿ ಒಂದು ಪತ್ರಿಕೆಯನ್ನು ಆರಂಭಿಸಿದರು. ಬೇರೆ ಬೇರೆ ದೇಶಗಳ ಅಧ್ಯಾಪಕರು ಒಬ್ಬರಿಂದೊಬ್ಬರು ಕಲಿಯಲೆಂಬುದು ಅವರ ಆಶಯ. 1905ರಲ್ಲಿ ಅದೇ ಪತ್ರಿಕೆಯಲ್ಲಿ ನ್ಯೂಯಾರ್ಕಿನ ಪ್ರಾಧ್ಯಾಪಕ ಡೇವಿಡ್ ಯೂಜೀನ್ ಸ್ಮಿತ್, ಈ ಕಾರ್ಯಕ್ಕೆ ಒಂದು ಅಂತರರಾಷ್ಟ್ರೀಯ ಆಯೋಗವಿರಬೇಕೆಂದು ಸೂಚಿಸಿದರು. 1908ರ ಏಪ್ರಿಲ್ ತಿಂಗಳಲ್ಲಿ ರೋಮ್ ನಗರದಲ್ಲಿ ನಡೆದ ಗಣಿತಜ್ಞರ ಮಹಾಸಭೆ ಆ ಸೂಚನೆಯನ್ನು ಅಂಗೀಕರಿಸಿತು. ಜರ್ಮನಿಯ ಫೆಲಿಕ್ಸ್ ಕ್ಲೈನ್ ಅಧ್ಯಕ್ಷರಾದರು. ಫೇರ್ ಪ್ರಧಾನ ಕಾರ್ಯದರ್ಶಿಗಳಾದರು.

ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ರೋಮ್ ಸಭೆಯಲ್ಲಿ ಸ್ಮಿತ್ ಇನ್ನೊಂದು ವಿಷಯವನ್ನೂ ವಿದ್ವಾಂಸರ ಮುಂದಿಟ್ಟರು: ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥವನ್ನು ಮದರಾಸಿನ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಪ್ರಕಟಿಸಿದಾಗ, ಅದಕ್ಕೆ ಪ್ರಸ್ತಾವನೆ ಬರೆದವರೂ ಸ್ಮಿತ್‌ರೇ. ಆ ಸಂಪಾದನೆಗೆ ನೆರವಾದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನ ಮಠದ್ದೂ ಒಂದು. ಇದೇ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಗಣಿತವು ಭಾಷೆಯ ಗಡಿಗಳನ್ನು ದಾಟುವುದು ನಮ್ಮ ನೆಲದಲ್ಲಿ ಹೊಸ ಸಂಗತಿಯೇನೂ ಅಲ್ಲ.

ಪ್ರಕೃತಕ್ಕೆ ಬರೋಣ. ಕ್ಲೈನ್ ಮತ್ತು ಫೇರ್ ಹಿಡಿದ ದಾರಿ ಸರಳವಾದುದು. ಎಲ್ಲರೂ ಹೀಗೆಯೇ ಕಲಿಸತಕ್ಕದ್ದೆಂದು ಅವರು ಅಪ್ಪಣೆ ಕೊಡಿಸಲಿಲ್ಲ. ಯಾವ ದೇಶದಲ್ಲಿ ಏನನ್ನು, ಯಾವ ವಯಸ್ಸಿಗೆ, ಹೇಗೆ ಕಲಿಸುತ್ತಾರೆಂಬುದನ್ನು ಮೊದಲು ಬರೆದು ತನ್ನಿರೆಂದರು. ಪ್ರೌಢಶಾಲೆಗಳನ್ನು ಕುರಿತು ಆರಂಭವಾದ ಈ ವಿಚಾರಣೆ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಹಬ್ಬಿತು. ದೇಶದೇಶಗಳಲ್ಲಿ ಉಪಸಮಿತಿಗಳಾದವು; ನೂರಾರು ವರದಿಗಳು ಬಂದವು. ಅಧ್ಯಕ್ಷರ ಕೀರ್ತಿ ಬಾಗಿಲನ್ನು ತೆರೆಯಿತು. ಒಳಗಿನ ದೀಪವನ್ನು ಆರದಂತೆ ಕಾಯ್ದುದು ಕಾರ್ಯದರ್ಶಿಯ ಪತ್ರವ್ಯವಹಾರ.

1914ರ ಏಪ್ರಿಲ್‌ನಲ್ಲಿ ಆಯೋಗ ಪ್ಯಾರಿಸ್ಸಿನಲ್ಲಿ ಸೇರಿತು. ಕೆಲವೇ ತಿಂಗಳುಗಳಲ್ಲಿ ಮಹಾಯುದ್ಧ ಸಿಡಿಯಿತು. ಅಕ್ಟೋಬರಿನಲ್ಲಿ ಜರ್ಮನಿಯ 93 ಮಂದಿ ಗಣ್ಯರು ತಮ್ಮ ದೇಶದ ಯುದ್ಧನೀತಿಯನ್ನು ಸಮರ್ಥಿಸಿ ಹೊರಡಿಸಿದ ಘೋಷಣೆಗೆ ಕ್ಲೈನ್ ಸಹ ರುಜು ಹಾಕಿದರು. ಹಲವು ವರ್ಷ ಕಟ್ಟಿದ ವಿಶ್ವಾಸಕ್ಕೆ ಆ ಒಂದು ರುಜುವಿನಿಂದ ಪೆಟ್ಟುಬಿತ್ತು. ಯುದ್ಧಾನಂತರ ಗೆದ್ದವರೂ ಔದಾರ್ಯ ತೋರಲಿಲ್ಲ. 1920 ಮತ್ತು 1924ರ ಗಣಿತ ಮಹಾಸಭೆಗಳಿಗೆ ಜರ್ಮನರನ್ನು ಕರೆಯಲಿಲ್ಲ. ಆಯೋಗ ವಿಸರ್ಜನೆಯಾಯಿತು. 1928ರಲ್ಲಿ ಬೊಲೊನ್ಯಾ ನಗರದಲ್ಲಿ ಸ್ಮಿತ್‌ರ ಅಧ್ಯಕ್ಷತೆಯಲ್ಲಿ ಅದು ಮತ್ತೆ ಚಿಗುರುವ ವೇಳೆಗೆ ಕ್ಲೈನ್ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಎರಡನೆಯ ಮಹಾಯುದ್ಧ ಅದನ್ನು ಪುನಃ ಮುರಿಯಿತು. 1952ರಲ್ಲಿ ಅಂತರರಾಷ್ಟ್ರೀಯ ಗಣಿತ ಒಕ್ಕೂಟದ ಆಶ್ರಯದಲ್ಲಿ ಅದಕ್ಕೆ ಮರುಹುಟ್ಟು ಬಂದಿತು. 1956ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದಕ್ಷಿಣ ಏಷ್ಯದ ಗಣಿತ ಶಿಕ್ಷಣ ಸಮ್ಮೇಳನವೂ ನಡೆಯಿತು.

ಆಯೋಗವನ್ನು ನಿಜವಾಗಿ ಅಧ್ಯಾಪಕರ ಹತ್ತಿರಕ್ಕೆ ತಂದವರು ಹಾಲೆಂಡಿನ ಹಾನ್ಸ್ ಫ್ರಾಯ್ಡೆಂಟಾಲ್. ಜರ್ಮನಿಯಲ್ಲಿ ಹುಟ್ಟಿದ ಯೆಹೂದಿಯಾದ ಅವರು ನಾಜಿ ಆಕ್ರಮಣದ ಕಾಲದಲ್ಲಿ ಕೆಲಸ ಕಳೆದುಕೊಂಡು ದುಡಿಮೆಯ ಶಿಬಿರದ ಬವಣೆಯನ್ನೂ ಕಂಡವರು. 1967ರಲ್ಲಿ ಅಧ್ಯಕ್ಷರಾಗಿ, 1968ರಲ್ಲಿ ಗಣಿತ ಶಿಕ್ಷಣದ ಸಂಶೋಧನ ಪತ್ರಿಕೆಯೊಂದನ್ನು ಸ್ಥಾಪಿಸಿ, 1969ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಗಣಿತ ಶಿಕ್ಷಣಕ್ಕೇ ಮೀಸಲಾದ ಮೊದಲನೆಯ ಮಹಾಸಮ್ಮೇಳನವನ್ನು ಕೂಡಿಸಿದರು. ಹದಿನೈದನೆಯದು 2024ರಲ್ಲಿ ಸಿಡ್ನಿಯಲ್ಲಿ ನಡೆಯಿತು. ಬಡದೇಶಗಳವರೂ ಬರಲೆಂದು ನೋಂದಣಿ ಶುಲ್ಕದ ಶೇಕಡ 10 ಭಾಗವನ್ನು ಅವರ ನೆರವಿಗೆ ತೆಗೆದಿಡುವ ಪದ್ಧತಿಯೂ ಬೆಳೆಯಿತು.

ನಮಗೆ ಅತ್ಯಂತ ಹತ್ತಿರವಾದುದು ಭಾಷೆಯ ಪ್ರಶ್ನೆ. 2011ರಲ್ಲಿ ಆಯೋಗವು ಬ್ರೆಜಿಲ್ ದೇಶದಲ್ಲಿ ಗಣಿತ ಶಿಕ್ಷಣ ಮತ್ತು ಭಾಷಾ ವೈವಿಧ್ಯವನ್ನು ಕುರಿತು ಅಧ್ಯಯನಸಭೆ ನಡೆಸಿತು. 2017ರಿಂದ 2020ರವರೆಗೆ ಅಧ್ಯಕ್ಷರಾಗಿದ್ದ ದಕ್ಷಿಣ ಆಫ್ರಿಕದ ಜಿಲ್ ಆಡ್ಲರ್ ಅವರ ವಿದ್ವತ್ತಿನ ಕ್ಷೇತ್ರವೇ ಬಹುಭಾಷಾ ತರಗತಿ. ಮಕ್ಕಳ ಮನೆಮಾತಿನಲ್ಲಿ ವಿವರಿಸಿದರೆ ಅರ್ಥ ಬೇಗ ತಿಳಿಯುತ್ತದೆ, ಆದರೆ ಪರೀಕ್ಷೆಯ ಭಾಷೆಯಲ್ಲಿ ಅಭ್ಯಾಸ ಕಡಮೆಯಾಗುತ್ತದೆ. ಶಬ್ದವನ್ನು ಬಿಡಿಸಿ ಹೇಳದಿದ್ದರೆ ಲೆಕ್ಕ ತಿಳಿಯದು, ಶಬ್ದದಲ್ಲಿಯೇ ನಿಂತರೆ ಲೆಕ್ಕವೇ ಮರೆಯಾಗುತ್ತದೆ. ಇವು ಅಧ್ಯಾಪಕರ ತಪ್ಪುಗಳಲ್ಲ, ಅವರು ದಿನವೂ ತೂಗಿ ನೋಡಬೇಕಾದ ಇಕ್ಕಟ್ಟುಗಳು ಎಂಬುದನ್ನು ಅವರು ತೋರಿಸಿಕೊಟ್ಟರು.

ನಮ್ಮಲ್ಲಿಯ ನಿದರ್ಶನವನ್ನೇ ನೋಡಿ. ಕನ್ನಡದ ಮಗು ‘ಅರವತ್ತೆಂಟು’ ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ, ಬರೆಯುವ ಕ್ರಮವೂ ಅದೇ. ಅಕ್ಕಲಕೋಟೆಯಲ್ಲಿಯೋ ಜತ್ತಿನಲ್ಲಿಯೋ ಅದೇ ಮಗು ಮರಾಠಿಯ ‘ಅಡುಸಷ್ಟ’ವನ್ನು ಕೇಳಿದರೆ ಎಂಟು ಮೊದಲು, ಅರವತ್ತು ಆಮೇಲೆ. ಅದು 86 ಎಂದು ಬರೆದರೆ ದಡ್ಡತನವೆನ್ನಬಹುದೆ? ತಾಳವಾಡಿಯ ಮಗು ತಮಿಳಿನ ‘ತೊಣ್ಣೂರು’ ಎಂಬಲ್ಲಿ ನೂರಿನ ದನಿಯನ್ನು ಕೇಳುತ್ತದೆ. ಕಾಸರಗೋಡಿನ ಮಗುವಿಗೆ ಮಲಯಾಳದಲ್ಲಿಯೂ ಅದೇ ಅನುಭವ. ಕಾಸರಗೋಡಿನ ಹಲವು ಮನೆಗಳಲ್ಲಿ ತುಳು, ನೀಲಗಿರಿಯ ಹಲವು ಮನೆಗಳಲ್ಲಿ ಬಡಗ. ಆ ಮಕ್ಕಳಿಗೆ ಕನ್ನಡವೂ ಎರಡನೆಯ ಮೆಟ್ಟಿಲೇ. ಇಂಥ ತೊಡಕುಗಳನ್ನು ಕಣ್ಣಾರೆ ಕಂಡವರು ಗಡಿನಾಡಿನ ಅಧ್ಯಾಪಕರು. ಆದರೆ ಬರೆದಿಟ್ಟವರು ಎಷ್ಟು ಮಂದಿ?

ಆದುದರಿಂದ ನಮ್ಮ ಸಂಘಗಳು ಮೂರು ಮಾತುಗಳನ್ನು ನೆನಪಿಡಬಹುದು. ಮೊದಲು ತಿಳಿಯುವುದು, ಆಮೇಲೆ ಹೇಳುವುದು: ಒಬ್ಬೊಬ್ಬ ಅಧ್ಯಾಪಕರೂ ವರ್ಷದಲ್ಲಿ ತಮ್ಮ ಮಕ್ಕಳು ಎಡವಿದ ಹತ್ತು ಸ್ಥಳಗಳನ್ನು, ಎಡವಿಸಿದ ಮಾತಿನೊಡನೆ ಬರೆದಿಡಲಿ. ಎರಡನೆಯದಾಗಿ, ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳ ನಡುವೆ ಅವನ್ನು ತಪ್ಪದೆ ತಿರುಗಿಸುವ ಒಬ್ಬ ಕಾರ್ಯದರ್ಶಿಯಿರಲಿ. ಸಭೆಗಳು ಅಪರೂಪವಾದರೂ ಪತ್ರಗಳು ನಿಲ್ಲದಿರಲಿ. ಮೂರನೆಯದಾಗಿ, ರಾಜ್ಯರಾಜ್ಯಗಳ ವಿವಾದಗಳನ್ನು ಈ ಕೂಟದೊಳಕ್ಕೆ ತರದಿರೋಣ. ಅವಕ್ಕೆ ಬೇರೆ ವೇದಿಕೆಗಳುಂಟು. ಪಕ್ಕದ ಕೊಠಡಿಯ ಮರಾಠಿ, ತೆಲುಗು, ತಮಿಳು, ಮಲಯಾಳ ಅಧ್ಯಾಪಕರನ್ನು ಹೊರಗಿಟ್ಟರೆ ನಮ್ಮ ಮಗುವಿನ ತೊಡಕಿನ ಅರ್ಧ ಭಾಗ ನಮಗೆ ಎಂದಿಗೂ ತಿಳಿಯದು. ಕ್ಲೈನರಂಥ ಹಿರಿಯರು ಕಟ್ಟಿದ ಮನೆಯೂ ಒಂದು ರುಜುವಿನಿಂದ ಬಿರುಕುಬಿಟ್ಟಿತೆಂಬುದನ್ನು ಮರೆಯದಿರೋಣ.