ಟ್ಯೂಡರ್ ರಾಣಿವಾಸದಲ್ಲಿ ಗ್ರಂಥಪಠನ

ಇಂಗ್ಲೆಂಡನ್ನು ಟ್ಯೂಡರ್ ವಂಶದ ಅರಸರು ೧೪೮೫ರಿಂದ ೧೬೦೩ರವರೆಗೆ ಆಳಿದರು. ಆ ವಂಶದ ಎಂಟನೆಯ ಹೆನ್ರಿಯು ಆರು ಮದುವೆಗಳನ್ನು ಮಾಡಿಕೊಂಡು ಇಬ್ಬರು ರಾಣಿಯರ ಶಿರಚ್ಛೇದ ಮಾಡಿಸಿದ ಸಂಗತಿ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ತಿಳಿದುದೇ. ಆ ರಾಣಿಯರ ಬಳಿ ಹಗಲಿರುಳೆನ್ನದೆ ಊಳಿಗದಲ್ಲಿದ್ದ ಸ್ತ್ರೀಯರ ಬಾಳನ್ನು ಅರಿಯದೆ ಆ ಕಾಲದ ಧಾರ್ಮಿಕ ಕ್ಷೋಭೆಯ ಒಳಮರ್ಮ ಮಾತ್ರ ತಿಳಿಯುವಂತಿಲ್ಲ.

ರಾಣಿವಾಸದಲ್ಲಿ ಹತ್ತಿರದ ಸೇವೆಗೆ ನಿಲ್ಲುತ್ತಿದ್ದವರು ಸಾಮಂತರ ಮಡದಿಯರು, ಕುಲೀನರ ಕನ್ಯೆಯರು. ಮಗಳಿಗೆ ಅಲ್ಲೊಂದು ಸ್ಥಾನ ದೊರೆತರೆ ಒಳ್ಳೆಯ ಸಂಬಂಧವೂ ಕೂಡಿಬಂದೀತೆಂದು ತಾಯ್ತಂದೆಗಳು ಹಂಬಲಿಸುತ್ತಿದ್ದರು. ೧೫೩೭ರಲ್ಲಿ ಗರ್ಭಿಣಿಯಾಗಿದ್ದ ಜೇನ್ ಸೀಮೋರ್ ರಾಣಿಗೆ ಲಾವುಗೆ ಹಕ್ಕಿಯ ಬಯಕೆಯಾಯಿತು. ಕ್ಯಾಲೆ ನಗರದಲ್ಲಿದ್ದ ಲೇಡಿ ಲೈಲ್ ಎಂಬಾಕೆ ಆ ಹಕ್ಕಿಗಳನ್ನು ಕಳುಹಿಸಿಕೊಟ್ಟು ಮೆಚ್ಚುಗೆ ಗಳಿಸಿದಳು. ರಾಣಿಯು ಅವಳ ಇಬ್ಬರು ಹೆಣ್ಣುಮಕ್ಕಳನ್ನು ಕರೆಸಿ ನೋಡಿ, ಆನ್ ಬ್ಯಾಸೆಟ್ ಎಂಬವಳೊಬ್ಬಳನ್ನು ಇರಿಸಿಕೊಂಡಳು. ಫ್ರಾನ್ಸಿನ ಮಾದರಿಯ ಶಿರೋವಸ್ತ್ರ ಅಲ್ಲಿ ಸಲ್ಲದೆ ಇಂಗ್ಲೆಂಡಿನ ಬಗೆಯದನ್ನು ತೊಡಿಸಿದರು. ಅದು ಹುಡುಗಿಗೆ ಒಪ್ಪಲಿಲ್ಲವೆಂದೂ, ರಾಣಿಯ ಇಚ್ಛೆಯಂತೆ ನಡೆಯಲೇಬೇಕೆಂದೂ ಲೈಲ್ ಮನೆತನದ ಕಾರಭಾರಿಯು ಬರೆದಿದ್ದಾನೆ. ಇಷ್ಟೆಲ್ಲ ಪಾಡುಪಟ್ಟ ಕೆಲವೇ ವಾರಗಳಲ್ಲಿ ರಾಣಿ ಬಾಣಂತಿತನದಲ್ಲಿ ತೀರಿಕೊಂಡಳು. ರಾಣಿಯೇ ಇಲ್ಲವೆಂದಮೇಲೆ ರಾಣಿವಾಸದ ಊಳಿಗವೆಲ್ಲಿಯದು!

ಒಡತಿಯ ಪತನ ಊಳಿಗದವಳ ಪ್ರಾಣಕ್ಕೂ ಎರವಾಗುತ್ತಿದ್ದುದುಂಟು. ೧೫೪೨ರಲ್ಲಿ ಕ್ಯಾಥರೀನ್ ಹೊವರ್ಡ್ ರಾಣಿಯ ತಲೆ ಉರುಳಿದ ದಿನವೇ ಅವಳ ಗುಟ್ಟಿಗೆ ನೆರವಾದ ಲೇಡಿ ರಾಚ್‌ಫರ್ಡಳ ತಲೆಯೂ ಉರುಳಿತು. ಸೆರೆಯಲ್ಲಿ ಆಕೆಗೆ ಚಿತ್ತಭ್ರಮೆಯಾಗಿದ್ದಿತು. ರಾಜದ್ರೋಹದಲ್ಲಿ ಬುದ್ಧಿ ಕೆಟ್ಟವರನ್ನೂ ವಧಿಸಬಹುದೆಂದು ಹೊಸ ಶಾಸನವನ್ನೇ ಮಾಡಲಾಯಿತು.

ಮರುವರ್ಷ ರಾಣಿಯಾಗಿ ಬಂದ ಕ್ಯಾಥರೀನ್ ಪಾರ್ ವಿದ್ಯಾವತಿ. ಅವಳ ಅಂತಃಪುರದಲ್ಲಿ ಧರ್ಮಗ್ರಂಥಗಳ ವ್ಯಾಸಂಗ, ಉಪದೇಶಶ್ರವಣ ನಡೆಯತೊಡಗಿದವು. ಅದೇ ೧೫೪೩ರ ಶಾಸನವೊಂದು, ಇಂಗ್ಲಿಷ್ ಬೈಬಲ್ಲನ್ನು ಕೆಳವರ್ಗದ ಸ್ತ್ರೀಯರು ಓದಲೇಬಾರದೆಂದೂ, ಕುಲೀನ ಸ್ತ್ರೀಯರು ತಮ್ಮಷ್ಟಕ್ಕೆ ಓದಿಕೊಳ್ಳಬಹುದೇ ಹೊರತು ಇತರರಿಗೆ ಓದಿ ಹೇಳಕೂಡದೆಂದೂ ವಿಧಿಸಿದ್ದಿತು. ಆದರೂ ೧೫೪೫ರಲ್ಲಿ ರಾಣಿಯು ಪ್ರಾರ್ಥನೆಗಳ ಪುಸ್ತಕವೊಂದನ್ನು ತನ್ನ ಹೆಸರಿನಲ್ಲಿಯೇ ಅಚ್ಚುಹಾಕಿಸಿದಳು. ಇಂಗ್ಲೆಂಡಿನ ರಾಣಿಯೊಬ್ಬಳು ಹೀಗೆ ಮಾಡಿದುದು ಅದೇ ಮೊದಲು. ಹೆನ್ರಿಯು ಪೋಪನ ಅಧಿಕಾರವನ್ನು ಧಿಕ್ಕರಿಸಿದ್ದನಾದರೂ, ಪೂಜೆಯ ರೊಟ್ಟಿಯು ಕ್ರಿಸ್ತನ ನಿಜದೇಹವೇ ಆಗುವುದೆಂಬ ಹಳೆಯ ಸಿದ್ಧಾಂತವನ್ನು ಬಿಟ್ಟಿರಲಿಲ್ಲ. ಅದನ್ನು ಅಲ್ಲಗಳೆದವರಿಗೆ ಬೆಂಕಿಯೇ ಶಿಕ್ಷೆ.

ಹಾಗೆ ಅಲ್ಲಗಳೆದವಳು ಲಿಂಕನ್‌ಷೈರಿನ ಆನ್ ಆಸ್ಕ್ಯೂ. ೧೫೪೬ರಲ್ಲಿ ಮರಣದಂಡನೆ ವಿಧಿಸಿದ ಮೇಲೆಯೂ ಅವಳನ್ನು ಲಂಡನ್ನಿನ ಟವರ್ ಕೋಟೆಗೆ ಒಯ್ದರು. ಅಧಿಕಾರಿಗಳಿಗೆ ಬೇಕಾಗಿದ್ದುದು ಅವಳ ಮತವಲ್ಲ. ರಾಣಿಯ ಪರಿವಾರದ ಹೆಸರುಗಳು. ಸಫಕ್ ಡಚೆಸ್, ಲೇಡಿ ಹರ್ಟ್‌ಫರ್ಡ್, ಲೇಡಿ ಡೆನ್ನಿ ಮೊದಲಾದವರನ್ನು ಹೆಸರಿಸಿಯೇ ಕೇಳಿದರು. ಸೆರೆಯಲ್ಲಿ ಹಣ ಕೊಟ್ಟವರು ಯಾರೆಂದಾಗ, ನೀಲಿ ಅಂಗಿಯವನೊಬ್ಬ ಹತ್ತು ಷಿಲಿಂಗು ಕೊಟ್ಟು ಲೇಡಿ ಹರ್ಟ್‌ಫರ್ಡ್ ಕಳುಹಿಸಿದಳೆಂದನು, ನೇರಳೆ ಅಂಗಿಯವನೊಬ್ಬ ಎಂಟು ಷಿಲಿಂಗು ಕೊಟ್ಟು ಲೇಡಿ ಡೆನ್ನಿಯ ಹೆಸರು ಹೇಳಿದನು, ಅದು ದಿಟವೋ ಅಲ್ಲವೋ ತಾನರಿಯೆನೆಂದಳು. ಉತ್ತರದ ಜಾಣ್ಮೆಯನ್ನು ಗಮನಿಸಬೇಕು. ಬಳಿಕ ಕೈಕಾಲುಗಳನ್ನು ಕಟ್ಟಿ ಎಳೆಯುವ ಯಂತ್ರಕ್ಕೆ ಅವಳನ್ನು ಒಡ್ಡಿದರು. ರಾಜ್ಯದ ಚಾನ್ಸೆಲರನೂ ರಿಚರ್ಡ್ ರಿಚನೂ ಸ್ವಹಸ್ತದಿಂದಲೇ ಯಂತ್ರ ತಿರುಗಿಸಿದರೆಂದು ಅವಳೇ ಬರೆದಿಟ್ಟಿದ್ದಾಳೆ. ಆದರೂ ಅವಳ ಬಾಯಿಂದ ಯಾರ ಹೆಸರೂ ಹೊರಡಲಿಲ್ಲ. ನಡೆಯಲಾರದ ಅವಳನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ, ಜುಲೈ ೧೬ರಂದು ಸ್ಮಿತ್‌ಫೀಲ್ಡಿನಲ್ಲಿ ಸುಟ್ಟರು. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು.

ರಾಣಿಯ ಬಂಧನಕ್ಕೂ ಆಜ್ಞೆ ಸಿದ್ಧವಾಗಿತ್ತೆಂದೂ, ತಾನು ವಾದಿಸಿದುದು ರಾಜನ ಕಾಲುನೋವನ್ನು ಮರೆಸುವುದಕ್ಕಾಗಿ, ಅವನಿಂದ ಕಲಿಯುವುದಕ್ಕಾಗಿ ಎಂದು ಹೇಳಿ ಅವಳು ಪಾರಾದಳೆಂದೂ ಜಾನ್ ಫಾಕ್ಸನು ಮುಂದೆ ಬರೆದನು. ೧೫೪೭ರ ಜನವರಿಯಲ್ಲಿ ಹೆನ್ರಿ ಮಡಿದನು. ಆ ವರ್ಷದ ನವೆಂಬರಿನಲ್ಲಿ, ಪಾಪಿಯೊಬ್ಬಳ ಪ್ರಲಾಪವೆಂಬ ಅರ್ಥದ ಹೆಸರುಳ್ಳ ಅವಳ ಇನ್ನೊಂದು ಗ್ರಂಥ ಅಚ್ಚಾಯಿತು. ಅದನ್ನು ಪ್ರಕಟಿಸಬೇಕೆಂದು ಒತ್ತಾಯಿಸಿದವರ ಹೆಸರು ಮುಖಪುಟದಲ್ಲಿಯೇ ಇದೆ. ಅವರಲ್ಲಿ ಮೊದಲನೆಯವಳು ಸಫಕ್ ಡಚೆಸ್.